ಸಾಲ ಮೈದುನನದು, ನಂಬರು ಅತ್ತೆಯದು

ನಮ್ಮ ಸೋದರತ್ತೆಯ ಬಾಯಿಂದ ‘ಆಗಲ್ಲ’ ಎಂಬ ಮಾತು ಹೊರಬಿದ್ದದ್ದನ್ನು ಆ ಬೀದಿಯಲ್ಲಿ ಯಾರೂ ಕೇಳಿರಲಿಲ್ಲ. ಅವಳು ಟೈಲರು. ಮನೆಯ ಮುಂದಿನ ಕೋಣೆಯೇ ಅಂಗಡಿ. ಬೀದಿಗೆ ತೆರೆಯುವ ಕಿಟಕಿಯ ಪಕ್ಕ ಕಾಲಿನಿಂದ ತುಳಿಯುವ ಹಳೆಯ ಮಶೀನು, ಅದರ ಎಡಕ್ಕೆ ಬಟ್ಟೆ ಕತ್ತರಿಸುವ ಮೇಜು, ಮೇಜಿನ ಕೆಳಗೆ ಚೂರುಬಟ್ಟೆಯ ಮೂಟೆ. ಗೋಡೆಯ ಮೊಳೆಗಳಿಗೆ ಅರ್ಧ ಹೊಲಿದ ಅಂಗಿಗಳು, ಒಂದಕ್ಕೆ ತೋಳಿಲ್ಲದೆ, ಇನ್ನೊಂದಕ್ಕೆ ಕಾಲರಿಲ್ಲದೆ ನೇತಾಡುತ್ತಿದ್ದವು. ಬೆಳಗಿನ ಬಿಸಿಲು ಅವುಗಳನ್ನು ಹಾದು ಬರುವಾಗ ನೆಲದ ಮೇಲೆ ತಿಳಿಹಸಿರು, ತಿಳಿನೀಲಿ ಬೀಳುತ್ತಿತ್ತು. ಕಾಲೇಜಿಗೆಂದು ಅವಳ ಮನೆಯಲ್ಲಿದ್ದ ನಾನು ಆ ಬಣ್ಣಗಳನ್ನು ತುಳಿದುಕೊಂಡೇ ದಿನಾ ಹೊರಗೆ ಹೋಗುತ್ತಿದ್ದೆ.

ಯಾರು ಬಂದು ಕೇಳಿದರೂ ಅತ್ತೆಯದು ಒಂದೇ ಉತ್ತರ: “ನಾಳೆ ಬನ್ನಿ, ಆಗುತ್ತೆ.”

“ಆಗಲ್ಲ ಅಂತ ನಿಮಗೇ ಗೊತ್ತಿದೆಯಲ್ಲ ಅತ್ತೆ, ಯಾಕೆ ಹಾಗಂತೀರಿ?” ಎಂದು ಒಮ್ಮೆ ಕೇಳಿದ್ದೆ.

“ಆಗಲ್ಲ ಅಂದ್ರೆ ಅವರ ಮುಖ ಬಾಡಿಹೋಗುತ್ತೆ ಕಣೇ. ನಾಳೆ ಅಂದ್ರೆ ನಗ್ತಾ ಹೋಗ್ತಾರೆ. ನಾಳೆ ಬಂದು ಬೈತಾರೆ, ಅದು ನಿಜ. ಆದ್ರೆ ಅಷ್ಟೊತ್ತಿಗೆ ಒಂದು ತೋಳಾದ್ರೂ ಆಗಿರುತ್ತಲ್ಲ.”

ಆ ಒಂದು ತೋಳನ್ನು ತೋರಿಸಿ ಇನ್ನೊಂದು ದಿನ ಗಿಟ್ಟಿಸುವುದರಲ್ಲಿ ಅವಳನ್ನು ಮೀರಿಸುವವರಿಲ್ಲ. ಗಿರಾಕಿಗಳೂ ಕಡಿಮೆಯೇನಲ್ಲ. ಮುಂದಿನ ವಾರ ಬೇಕಾದ ಅಂಗಿಯನ್ನು ‘ನಾಡಿದ್ದೇ ಬೇಕು’ ಎಂದು ಕೊಟ್ಟು ಹೋಗುತ್ತಿದ್ದರು. ಎರಡೂ ಕಡೆಯವರು ಸುಳ್ಳು ಹೇಳಿ, ಇಬ್ಬರಿಗೂ ಅದು ಗೊತ್ತಿದ್ದು, ಕೊನೆಗೆ ಅಂಗಿ ಸರಿಯಾದ ಹೊತ್ತಿಗೇ ಕೈಸೇರುತ್ತಿತ್ತು. ಅವಳ ಹೊಲಿಗೆಯಲ್ಲಿ ಮಾತ್ರ ಯಾರೂ ಒಂದು ಎಳೆ ತಪ್ಪು ಹುಡುಕಲಾರರು.

ವರ್ಷಗಟ್ಟಲೆ ತುಳಿದು ತುಳಿದು ಅವಳ ಮಂಡಿ ಸವೆದಿತ್ತು. ಮಶೀನಿಗೊಂದು ಮೋಟರು ಹಾಕಿಸಿದರೆ ಕಾಲಿಗೆ ಬಿಡುವು ಸಿಗುತ್ತದೆ ಎಂದು ಮಶೀನು ರಿಪೇರಿಯವನು ಹೇಳಿದ್ದ. ಅದಕ್ಕೆಂದು ಅತ್ತೆ ಗುಂಡಿ ಡಬ್ಬಿಯ ತಳದಲ್ಲಿ ದುಡ್ಡು ಕೂಡಿಡುತ್ತಿದ್ದಳು. ಇನ್ನೇನು ಸಾಕಾಗುವಷ್ಟು ಆಯಿತು ಎನ್ನುವಾಗಲೇ ಆ ಫೋನು ಬಂತು.

ಮಾವನಿಗೆ ಒಬ್ಬ ತಮ್ಮನಿದ್ದ. ಅತ್ತೆಗೆ ಮೈದುನ. ನಗುಮುಖದ, ಮೈಗಳ್ಳನಲ್ಲದ, ಆದರೆ ಯಾವ ಕೆಲಸವನ್ನೂ ಒಂದು ವರ್ಷ ದಾಟಿಸದ ಮನುಷ್ಯ. ಯಾವುದೋ ಫೈನಾನ್ಸಿನಿಂದ ಸಾಲ ತೆಗೆದು ಬೈಕು ಕೊಂಡಿದ್ದ. ಆಗ ಅರ್ಜಿಯಲ್ಲಿ ‘ಪರಿಚಯದವರು’ ಎಂಬ ಜಾಗದಲ್ಲಿ ಅತ್ತೆಯ ನಂಬರನ್ನೂ ಅಂಗಡಿಯ ವಿಳಾಸವನ್ನೂ ಬರೆದಿದ್ದ. ಅವಳನ್ನು ಕೇಳಿರಲಿಲ್ಲ. ಕೆಲವು ಕಂತು ಕಟ್ಟಿ, ಕೆಲಸ ಬಿಟ್ಟು, ಬೇರೆ ಬಡಾವಣೆಗೆ ಮನೆ ಬದಲಿಸಿ, ಫೈನಾನ್ಸಿನವರ ಫೋನು ಎತ್ತುವುದನ್ನೇ ನಿಲ್ಲಿಸಿಬಿಟ್ಟ. ಅವರು ಇತ್ತ ತಿರುಗಿದರು.

ಮೊದಲ ಕರೆ ಬಂದಾಗ ಅತ್ತೆಯ ಬಾಯಲ್ಲಿ ಗುಂಡುಸೂಜಿಗಳಿದ್ದವು. ಅವಳು ಹಾಗೆಯೇ, ತುಟಿಯ ಒಂದು ಅಂಚಿನಿಂದ ಮಾತಾಡಬಲ್ಲಳು.

“ನೀವು ಅವರ ಅತ್ತಿಗೆ ಅಲ್ವಾ ಅಮ್ಮ? ಬೈಕಿನ ಬಾಕಿ ಇದೆ. ಯಾವಾಗ ಕಟ್ತೀರಿ?” ಮೇಜಿನ ಮೇಲೆ ಸ್ಪೀಕರಿಗೆ ಹಾಕಿದ್ದ ಫೋನಿನ ದನಿ ಬೆಣ್ಣೆಯಂತಿತ್ತು.

ಅತ್ತೆ ಕಾಲರಿನ ತಿರುವಿನಲ್ಲಿದ್ದಳು. ಅಲ್ಲಿ ಕೈ ನಿಲ್ಲಿಸುವಂತಿಲ್ಲ. ಯಾರೋ ಬೆನ್ನು ಬಿದ್ದು ಕೇಳುತ್ತಿದ್ದಾರೆ ಎಂಬುದಷ್ಟೇ ಅವಳಿಗೆ ತಿಳಿಯಿತು.

“ನಾಳೆ ಬನ್ನಿ, ಆಗುತ್ತೆ,” ಎಂದಳು.

ಅವನು ಮರುದಿನ ಬಂದೇಬಿಟ್ಟ.

ಅಳತೆಗೆ ಬಂದವನೆಂದು ಅತ್ತೆ ಟೇಪು ಹಿಡಿದು ಎದ್ದಳು. ಇಸ್ತ್ರಿ ಮಾಡಿದ ಅಂಗಿ, ಎದೆಯ ಮೇಲೆ ತಿರುಗಿ ನೇತುಬಿದ್ದ ಗುರುತಿನ ಚೀಟಿ, ಕೈಯಲ್ಲಿ ಹೆಲ್ಮೆಟ್ಟು. ವಿಷಯ ಹೇಳಿದ ಮೇಲೆ ಅವಳಿಗೆ ಅರ್ಥವಾಯಿತು. ಅರ್ಥವಾದ ಮೇಲಾದರೂ ‘ಸಾಲ ನನ್ನದಲ್ಲ’ ಎನ್ನಬೇಕಿತ್ತು. ಬಾಗಿಲಲ್ಲಿ ನಿಂತವರಿಗೆ ಇಲ್ಲ ಎಂದು ಅವಳಿಗೆ ಅಭ್ಯಾಸವಿಲ್ಲ. “ಇವತ್ತು ಕೆಲಸ ಜಾಸ್ತಿ ಇದೆ ಕಣಪ್ಪ, ಇನ್ನೆರಡು ದಿನ ಬಿಟ್ಟು ಬಾ, ನೋಡೋಣ,” ಎಂದು ನೀರು ಕೊಟ್ಟು ಕಳಿಸಿದಳು. ಗಿರಾಕಿಗಳ ನಂಬರು ಬರೆದಿಟ್ಟ ಪುಸ್ತಕದ ಮೇಲೆ ಅವನು ಮೊಬೈಲು ಹಿಡಿದೇ ನಿಂತಿದ್ದನೆಂಬುದನ್ನು ನಾವಿಬ್ಬರೂ ಗಮನಿಸಲಿಲ್ಲ.

ಆಮೇಲೆ ಶುರುವಾಯಿತು. ಹಲ್ಲುಜ್ಜುವ ಹೊತ್ತಿಗೆ ಕರೆ, ತಟ್ಟೆಯ ಮುಂದೆ ಕೂತರೆ ಕರೆ. ಒಂದು ನಂಬರನ್ನು ತಡೆದರೆ ಇನ್ನೊಂದು ನಂಬರು. ಬೆಣ್ಣೆಯ ದನಿ ಹೋಗಿ ಒರಟು ದನಿಗಳು ಬಂದವು. ಪಕ್ಕದ ಗಡಿಯಾರ ರಿಪೇರಿಯವರಿಗೂ ಫೋನು ಹೋಯಿತು. ಅವರು ಕಣ್ಣಿಗೆ ಸಿಕ್ಕಿಸಿದ ಭೂತಗನ್ನಡಿಯನ್ನೂ ತೆಗೆಯದೆ ಹೊಸ್ತಿಲಿಗೆ ಬಂದರು.

“ಏನ್ರೀ ಟೈಲರಮ್ಮ, ಬೈಕು ತಗೊಂಡಿದ್ದೀರಂತೆ? ಒಂದು ದಿನ ನಮ್ಮನ್ನೂ ಕೂರಿಸಿಕೊಂಡು ಒಂದು ಸುತ್ತು ಹೊಡೆಸಬಾರದಾ?”

“ನನಗೆ ಸೈಕಲ್ಲೇ ಬರಲ್ಲ ಅಣ್ಣ!”

“ಬರದಿದ್ರೇನು, ಕಂತು ಕಟ್ಟೋಕೆ ಬರುತ್ತಂತಲ್ಲ. ಬುದ್ಧಿ ಹೇಳಿ ಕಟ್ಟಿಸಿ ಅಂತ ನನಗೆ ಅಪ್ಪಣೆ ಆಗಿದೆ.”

ಅವರ ತಮಾಷೆಗೆ ಅತ್ತೆ ನಕ್ಕಳು. ಆದರೆ ಅದೇ ವಾರ ಶಾಲೆಯ ಟೀಚರೊಬ್ಬರು ಬಂದು, ತಾವು ಕೊಟ್ಟಿದ್ದ ಬಟ್ಟೆಯನ್ನು ವಾಪಸು ಕೇಳಿದರು. ಇನ್ನೂ ಕತ್ತರಿಸಿರಲಿಲ್ಲ. “ತಪ್ಪು ತಿಳ್ಕೋಬೇಡಿ. ಯಾರೋ ಫೋನ್ ಮಾಡಿ ನಿಮ್ಮ ಅಂಗಡಿ ಸಾಮಾನು ಎತ್ತಿಕೊಂಡು ಹೋಗ್ತೀವಿ ಅಂದ್ರು. ನಂದೂ ಅದರಲ್ಲಿ ಹೋಗಿಬಿಟ್ರೆ ಅಂತ...” ಎಂದು ಮಾತು ನುಂಗಿದರು.

ಅತ್ತೆ ಬಟ್ಟೆಯನ್ನು ಮಡಿಕೆ ಮಡಿಕೆಯಾಗಿ ಸರಿಮಾಡಿ ಕೊಟ್ಟಳು. ಹೊಲಿಗೆ ಚೆನ್ನಾಗಿಲ್ಲವೆಂದು ಬೈಸಿಕೊಳ್ಳುವುದು ಬೇರೆ. ಕತ್ತರಿ ತಾಗದ ಬಟ್ಟೆ ಅಂಗಡಿಯಿಂದ ವಾಪಸು ಹೋಗುವುದೆಂದರೆ ಟೈಲರಿಗೆ ಕೆನ್ನೆಗೆ ಹೊಡೆದಂತೆ. ಆ ಮಧ್ಯಾಹ್ನವಿಡೀ ಮಶೀನಿನ ಸದ್ದು ಕೇಳಿಸಲಿಲ್ಲ. ಮೊಳೆಗಳಲ್ಲಿ ತೂಗುತ್ತಿದ್ದ ಅಂಗಿಗಳು ಮಾತ್ರ ಗಾಳಿಗೆ ಒಮ್ಮೊಮ್ಮೆ ಭುಜ ಅಲ್ಲಾಡಿಸುತ್ತಿದ್ದವು.

ಸಂಜೆ ಮಾವ ಬಂದರು. ಅವರು ಊರೊಳಗಿನ ಬಸ್ಸಿನ ಕಂಡಕ್ಟರು. ಇಡೀ ದಿನ ಜನರೊಡನೆ ಚಿಲ್ಲರೆಗೆ ಕಿತ್ತಾಡಿ ಬರುವುದರಿಂದ ಮನೆಯಲ್ಲಿ ಜಗಳವೆಂದರೆ ಅವರಿಗೆ ಅಲರ್ಜಿ.

“ಒಂದು ಕಂತು ಬಿಸಾಕಿಬಿಡೋಣ ಕಣೇ. ಅವರ ಬಾಯಿ ಮುಚ್ಚುತ್ತೆ.”

“ಯಾವ ದುಡ್ಡಲ್ಲಿ?”

ಮಾವ ಗುಂಡಿ ಡಬ್ಬಿಯ ಕಡೆ ನೋಡಲಿಲ್ಲ. ನೋಡದೇ ಇರಲು ಪಟ್ಟ ಪ್ರಯತ್ನ ಎದ್ದು ಕಾಣುತ್ತಿತ್ತು.

“ಟಿಕೆಟ್ಟಿಲ್ಲದೆ ಹತ್ತಿದವನನ್ನ ಹಿಡಿದ್ರೆ ನೀವು ಅವನ ಪಕ್ಕದಲ್ಲಿ ಕೂತವರಿಂದ ದಂಡ ವಸೂಲಿ ಮಾಡ್ತೀರಾ ರೀ?”

“ಯಾವನೋ ಪ್ಯಾಸೆಂಜರಲ್ಲ ಕಣೇ ಅವನು, ನನ್ನ ತಮ್ಮ.”

“ಹಾಗಾದ್ರೆ ಅವನಿಗೆ ಫೋನ್ ಮಾಡಿ ಹೇಳಿ.”

“ನನ್ನದೂ ಎತ್ತಲ್ವೇ!” ಎಂದು ಮಾವ ಕೂಗಿದರು. ಅಷ್ಟು ಜೋರಾಗಿ ಅವರು ಮನೆಯಲ್ಲಿ ಮಾತಾಡಿದ್ದು ನಾನು ಕೇಳಿದ್ದು ಅದೇ ಮೊದಲು.

ಅತ್ತೆ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಳು. “ಕಟ್ಟಿಬಿಡ್ಲೇನೇ?” ಎಂದು ಕೇಳಿದ್ದು ನನ್ನನ್ನು. “ಮಂಡಿ ಇಷ್ಟು ದಿನ ಕಾದಿದೆ. ಇನ್ನೊಂದಷ್ಟು ದಿನ ಕಾಯುತ್ತೆ. ಗಿರಾಕಿಗಳು ಕಾಯಲ್ಲ.”

ಚಪ್ಪಲಿ ಅಂಗಡಿಯ ಮೇಲಿನ ಮಹಡಿಯಲ್ಲಿ ಗ್ರಾಹಕರಿಗೆ ಸಲಹೆ ಕೊಡುವ ಕೇಂದ್ರವೊಂದಿತ್ತು. ಕಾಲೇಜಿಗೆ ಹೋಗುವ ದಾರಿಯಲ್ಲಿ ಅದರ ಬೋರ್ಡು ನೋಡಿದ್ದೆ. ಕಟ್ಟುವ ಮುಂಚೆ ಅಲ್ಲಿ ಒಂದು ಮಾತು ಕೇಳೋಣ ಎಂದು ಮರುದಿನ ಅವಳನ್ನು ಎಳೆದುಕೊಂಡು ಹೋದೆ. ಮೆಟ್ಟಿಲು ಹತ್ತುವಾಗ ಅತ್ತೆ ಎರಡು ಸಲ ಮಂಡಿ ಹಿಡಿದು ನಿಂತಳು. ಒಳಗೆ ಒಂದು ಫ್ಯಾನು, ಕಡತಗಳ ಕಪಾಟು, ಮೇಜಿನ ಹಿಂದೆ ನೆಗಡಿ ಹಿಡಿದ ವಕೀಲೆ. ಮೂಗು ಒರೆಸಿಕೊಳ್ಳುತ್ತಲೇ ಎಲ್ಲವನ್ನೂ ಕೇಳಿಸಿಕೊಂಡರು.

“ಸಾಲದ ಪತ್ರದಲ್ಲಿ ನೀವು ಸಹಿ ಹಾಕಿದ್ದೀರಾ?”

“ಇಲ್ಲ.”

“ಜಾಮೀನು ನಿಂತಿದ್ದೀರಾ?”

“ಇಲ್ಲಮ್ಮ. ಬೈಕಿನ ಬಣ್ಣ ಯಾವುದು ಅಂತಲೂ ನನಗೆ ಗೊತ್ತಿಲ್ಲ.”

“ಮತ್ತೇನು ಹೆದರಿಕೆ? ಪರಿಚಯದವರು ಅಂತ ನಂಬರ್ ಕೊಟ್ಟ ಮಾತ್ರಕ್ಕೆ ಸಾಲ ನಿಮ್ಮದಾಗಲ್ಲ. ನನ್ನದಲ್ಲ ಅಂತ ಹೇಳಿದ್ರಿ ತಾನೇ?”

ಅತ್ತೆ ಸೆರಗಿನ ಅಂಚನ್ನು ಬೆರಳಿಗೆ ಸುತ್ತತೊಡಗಿದಳು.

“ಏನು ಹೇಳಿದ್ರಿ?”

“ನಾಳೆ ಬನ್ನಿ, ಆಗುತ್ತೆ ಅಂದೆ.”

ವಕೀಲೆ ಕರವಸ್ತ್ರವನ್ನು ಮೇಜಿನ ಮೇಲಿಟ್ಟರು. “ಎಷ್ಟು ಸಲ?”

“ಬಂದಾಗೆಲ್ಲ.”

“ರಾಮಾ! ವಸೂಲಿಗೆ ಬಂದವನಿಗೆ ನಾಳೆ ಬನ್ನಿ ಅಂತ ಯಾರಾದ್ರೂ ಕರೀತಾರೇನ್ರೀ?”

“ಬಾಯಿಗೆ ಅದೇ ಬರುತ್ತೆ. ನಾನು ಟೈಲರು.”

ವಕೀಲೆಗೆ ನಗು ಬಂತು, ನಗುವಿನ ಜೊತೆಗೆ ಸೀನೂ ಬಂತು. ಸುಧಾರಿಸಿಕೊಂಡು, ಮಕ್ಕಳಿಗೆ ಪಾಠ ಹೇಳುವಂತೆ ನಿಧಾನವಾಗಿ ಹೇಳಿದರು: “ಕೇಳಿ. ನಾಳೆ ಬನ್ನಿ ಅಂದ ಮಾತ್ರಕ್ಕೆ ನೀವು ಜಾಮೀನುದಾರರಾಗಲ್ಲ. ಆದ್ರೆ ಒಂದು ಕಂತು ಕಟ್ಟಿದ್ರೋ, ಸಿಕ್ಕಿದ್ರಪ್ಪ ಕಟ್ಟೋರು ಅಂತ ಅವರು ನಿಮ್ಮ ಬಾಗಿಲು ಬಿಡಲ್ಲ. ಒಂದು ಕಾಸೂ ಕೊಡಬೇಡಿ. ಬಂದವನ ಗುರುತಿನ ಚೀಟಿ ನೋಡಿ. ಕಂಪನಿ ಅವನನ್ನ ಕಳಿಸಿದೆ ಅನ್ನೋ ಪತ್ರ ಕೇಳಿ. ಅಕ್ಕಪಕ್ಕದವರಿಗೆ, ಗಿರಾಕಿಗಳಿಗೆ ಫೋನ್ ಮಾಡಿ ಮಾನ ಕಳೆಯೋ ಹಾಗಿಲ್ಲ. ಹೆದರಿಸೋ ಹಾಗಿಲ್ಲ. ನಿಮ್ಮ ಅಂಗಡಿಯಿಂದ ಒಂದು ಸೂಜಿಯನ್ನೂ ಎತ್ತೋ ಹಾಗಿಲ್ಲ. ಕರೆ ಬಂದ ನಂಬರುಗಳನ್ನೆಲ್ಲ ಅಳಿಸದೆ ಇಟ್ಕೊಳ್ಳಿ. ಮೊದಲು ಕಂಪನಿಗೇ ದೂರು ಬರೆಯೋಣ. ಅವರು ಕೇಳದಿದ್ರೆ ಮೇಲಿನವರಿದ್ದಾರೆ. ಈಗ ಹೇಳಿ ನೋಡೋಣ: ಸಾಲ ನನ್ನದಲ್ಲ, ನಾನು ಕಟ್ಟಲ್ಲ.”

“ಸಾಲ ನನ್ನದಲ್ಲ,” ಎಂದಳು ಅತ್ತೆ. ಸ್ವಲ್ಪ ತಡೆದು, “ಆದ್ರೂ ನೋಡೋಣ...”

“ನೋಡೋದು ಬೇಡ!”

“ಬೇಡ. ಸಾಲ ನನ್ನದಲ್ಲ. ಈಗ ಕಟ್ಟೋಕಾಗಲ್ಲ...”

“ಈಗ ಅಲ್ಲ, ಯಾವಾಗಲೂ!” ವಕೀಲೆ ನನ್ನ ಕಡೆ ತಿರುಗಿದರು. “ಮನೆಗೆ ಕರ್ಕೊಂಡು ಹೋಗಿ ಅಭ್ಯಾಸ ಮಾಡಿಸಮ್ಮ. ಪುಣ್ಯ ಬರುತ್ತೆ.”

ದೂರು ಬರೆದು ಕಳಿಸಿದೆವು. ಮನೆಯಲ್ಲಿ ಅಭ್ಯಾಸವೂ ನಡೆಯಿತು. ನಾನು ಹೆಲ್ಮೆಟ್ಟಿನ ಬದಲು ಪಾತ್ರೆಯೊಂದನ್ನು ಕಂಕುಳಲ್ಲಿ ಇಟ್ಟುಕೊಂಡು ಬಾಗಿಲಲ್ಲಿ ನಿಂತು ಬಾಕಿ ಕೇಳುತ್ತಿದ್ದೆ. ಅತ್ತೆ ನೆಟ್ಟಗೆ ನಿಂತು ಶುರುಮಾಡುತ್ತಿದ್ದಳು, ಕೊನೆಗೆ ಬರುವಷ್ಟರಲ್ಲಿ ಮೆತ್ತಗಾಗುತ್ತಿದ್ದಳು. ಒಂದು ಸಲವಂತೂ ನನಗೇ ಕುಡಿಯಲು ನೀರು ಬೇಕೇ ಎಂದು ಕೇಳಿದಳು. ನನಗೆ ಅಳು ಬರುವಷ್ಟು ಸಿಟ್ಟು ಬಂತು. “ಅತ್ತೆ, ಅವರು ನಿಮ್ಮ ಮಶೀನು ಎತ್ಕೊಂಡು ಹೋದ್ರೂ ನೀವು ಬಾಗಿಲು ತೆಗೆದು ಹಿಡ್ಕೊಂಡು ನಿಲ್ತೀರಿ!” ಎಂದೆ.

“ಬೈಬೇಡ್ವೇ,” ಎಂದಳು. “ನಲವತ್ತು ವರ್ಷದ ನಾಲಿಗೆ. ಒಂದೇ ದಿನಕ್ಕೆ ಬಿಚ್ಚಿ ಹೊಲಿಯೋಕಾಗುತ್ತಾ?”

ವಸೂಲಿಯವರು ಬಂದದ್ದು ಅಂಗಡಿಯಲ್ಲಿ ಜನ ಇರುವ ಹೊತ್ತು ನೋಡಿಯೇ. ಈ ಸಲ ಇಬ್ಬರು. ಹೆಲ್ಮೆಟ್ಟಿನವನ ಹಿಂದೆ ದಪ್ಪ ತೋಳಿನವನೊಬ್ಬ. ಒಳಗೆ ಪರದೆ ಹೊಲಿಯಲು ಕೊಟ್ಟಿದ್ದ ಅಜ್ಜಿ, ಪ್ಯಾಂಟಿಗಾಗಿ ಅಲೆಯುತ್ತಿದ್ದ ಔಷಧಿ ಅಂಗಡಿಯವರು, ಬಾಗಿಲಿಗೆ ಒರಗಿ ಗಡಿಯಾರದವರು.

“ಎಲ್ಲರ ಮುಂದೆ ಹೇಳ್ತಿದ್ದೀನಿ ಅಮ್ಮ,” ಎಂದ ಹೆಲ್ಮೆಟ್ಟಿನವನು. “ಕಟ್ತೀನಿ ಅಂತ ಒಪ್ಕೊಂಡಿದ್ದೀರಿ. ರೆಕಾರ್ಡ್ ಇದೆ.” ಮೊಬೈಲು ಒತ್ತಿದ. ಮೊದಲ ದಿನದ ಕರೆ, ಅತ್ತೆಯ ದನಿಯೇ, ಗುಂಡುಸೂಜಿಗಳ ನಡುವಿನಿಂದ: “ನಾಳೆ ಬನ್ನಿ, ಆಗುತ್ತೆ.”

ಔಷಧಿ ಅಂಗಡಿಯವರು ಹೊಟ್ಟೆ ಹಿಡಿದುಕೊಂಡು ನಗತೊಡಗಿದರು.

“ಇದನ್ನಾ ಒಪ್ಪಿಗೆ ಅಂದ್ಕೊಂಡ್ರಿ? ಅಯ್ಯೋ ಸ್ವಾಮಿ, ಹೋದ ತಿಂಗಳಿಂದ ನನಗೂ ದಿನಾ ಇದೇ ಒಪ್ಪಿಗೆ ಸಿಗ್ತಾ ಇದೆ. ಎಲ್ಲಿ ನನ್ನ ಪ್ಯಾಂಟು?”

“ನನ್ನ ಪರದೆ?” ಎಂದರು ಅಜ್ಜಿ. “ಕಿಟಕಿಗೆ ಪೇಪರ್ ಅಂಟಿಸಿಕೊಂಡು ಕೂತಿದ್ದೀನಿ ನಾನು. ನೀನು ನಮ್ಮ ಹಿಂದೆ ನಿಂತ್ಕೋ ಮಗನೇ. ಸರದಿ ಪ್ರಕಾರ ಬಾ.”

ನಗು ಆ ದಪ್ಪ ತೋಳಿನವನಿಗೆ ಹಿಡಿಸಲಿಲ್ಲ. ಮುಂದೆ ಬಂದು ಮಶೀನಿನ ಮೇಲೆ ಕೈಯಿಟ್ಟ. “ಇದನ್ನ ಎತ್ತಿಕೊಂಡು ಹೋದ್ರೆ ನಗು ನಿಲ್ಲುತ್ತೆ,” ಎಂದ. ಮಶೀನಿನ ಎಣ್ಣೆ ಮೆತ್ತಿದ ಅವನ ಹೆಬ್ಬೆರಳು ಸೂಜಿಯ ಕೆಳಗಿದ್ದ ಬಿಳಿಯ ಅಂಗಿಯ ಮೇಲಿತ್ತು. ಅಂಗಿಗೆ ಕಪ್ಪು ಕಲೆ ಬಿತ್ತು.

ಅತ್ತೆ ಆ ಕಲೆಯನ್ನೇ ನೋಡಿದಳು.

“ಕೈ ತೆಗಿ,” ಎಂದಳು.

ಅವನು ತೆಗೆಯಲಿಲ್ಲ.

“ಕೈ ತೆಗಿ ಅಂದೆ! ಗಿರಾಕಿ ಬಟ್ಟೆ ಅದು!” ಆ ದನಿ ಎಲ್ಲಿಂದ ಬಂತೋ. ಅವನು ಕೈ ತೆಗೆದ. ಒಮ್ಮೆ ಬಾಯಿ ಬಿಟ್ಟ ಮೇಲೆ ಅತ್ತೆಗೆ ಉಳಿದದ್ದೆಲ್ಲ ನುಗ್ಗಿ ಬಂತು, ಅಭ್ಯಾಸ ಮಾಡಿದ ಕ್ರಮವೆಲ್ಲ ತಲೆಕೆಳಗಾಗಿ. “ಪತ್ರ ಎಲ್ಲಿ? ಕಂಪನಿ ಕಳಿಸಿರೋ ಪತ್ರ? ಚೀಟಿ ತಿರುಗಿಸು, ಮುಖ ಕಾಣಲಿ. ನನ್ನ ಗಿರಾಕಿಗಳಿಗೆ ಫೋನ್ ಮಾಡೋಕೆ ನಿನಗೆ ಯಾರು ಹೇಳಿದ್ದು? ನಾನು ಕಟ್ಟಲ್ಲ. ಸಾಲ ನನ್ನದಲ್ಲ. ಸಹಿ ಮಾಡಿಲ್ಲ. ಒಂದು ಸೂಜಿ ಎತ್ತು ನೋಡೋಣ, ಪೋಲೀಸರನ್ನ ಕರೀತೀನಿ. ಕಟ್ಟಲ್ಲ!”

ಕೈಯಲ್ಲಿದ್ದ ಕತ್ತರಿಯನ್ನು ಮೇಜಿನ ಮೇಲಿಟ್ಟು ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡಳು. ಹೆಲ್ಮೆಟ್ಟಿನವನು ಚೀಟಿ ತಿರುಗಿಸಿದ. ಗಡಿಯಾರದವರು ಭೂತಗನ್ನಡಿ ಕಣ್ಣಿಗೇರಿಸಿ ಅದನ್ನು ಓದಿದರು. “ಇದರ ಅವಧಿ ಮುಗಿದಿದೆಯಲ್ಲಪ್ಪ,” ಎಂದರು. ಪತ್ರ ಆಫೀಸಿನಲ್ಲಿದೆ, ತರುತ್ತೇನೆ ಎಂದ ಅವನು. ಹೊರಗೆ ಹೋಗುವಾಗ ಅವನ ಮುಖ ನೋಡಿದೆ. ನನಗಿಂತ ಹೆಚ್ಚು ವಯಸ್ಸಿರಲಿಲ್ಲ, ಅಂಗಿಯ ಕಾಲರು ಒಳಗಡೆ ಸವೆದು ನೂಲು ಎದ್ದಿತ್ತು.

ಎಲ್ಲ ಮುಗಿಯಿತೆಂದಲ್ಲ. ದೂರಿಗೆ ಉತ್ತರ ಬರಲು ದಿನಗಳು ಹಿಡಿದವು. ನಡುವೆ ಕರೆಗಳು ಬಂದವು, ನಾವು ನಂಬರುಗಳನ್ನು ಇಟ್ಟುಕೊಂಡೆವು, ವಕೀಲೆ ಇನ್ನೊಂದು ದೂರು ಕಳಿಸಿದರು. ಕೊನೆಗೆ, ನಿಮ್ಮ ನಂಬರನ್ನು ತೆಗೆದಿದ್ದೇವೆ, ಆದ ತೊಂದರೆಗೆ ವಿಷಾದಿಸುತ್ತೇವೆ ಎಂದು ಎರಡು ಸಾಲು ಬಂತು. ಟೀಚರ ಬಟ್ಟೆಯ ಬಗ್ಗೆ ಅದರಲ್ಲೇನೂ ಇರಲಿಲ್ಲ. ಅವರು ಈಗ ಬೇರೆ ಕಡೆ ಹೊಲಿಸುತ್ತಾರೆ.

ಅದರ ಹಿಂದೆಯೇ ಮೈದುನ ಬಂದ. ಅಷ್ಟು ದಿನ ಫೋನಿಗೆ ಸಿಗದವನು ಬೈಕಿನಲ್ಲೇ ಬಂದಿಳಿದ. ಬೈಕು ಕೆಂಪು.

“ಏನತ್ತಿಗೆ, ಹೀಗಾ ಮಾಡೋದು? ದೂರು ಕೊಟ್ರಂತೆ. ಈಗ ನನ್ನ ಹೊಸ ಮನೆ ಹುಡುಕಿಕೊಂಡು ಬರ್ತಿದ್ದಾರೆ. ಒಂದು ಕಂತು ಕಟ್ಟಿದ್ರೆ ಮುಗಿದುಹೋಗ್ತಿತ್ತು. ಮನೆಯವರು ಅಂದ್ಮೇಲೆ ಅಷ್ಟೂ ಮಾಡಬಾರದಾ?”

ಅತ್ತೆ ಗುಂಡುಸೂಜಿಗಳನ್ನು ಬಾಯಿಂದ ಒಂದೊಂದಾಗಿ ತೆಗೆದು ದಿಂಬಿಗೆ ಚುಚ್ಚಿದಳು.

“ಅವರು ನಿನ್ನನ್ನ ಬೈದ್ರಾ?”

“ಬೈದ್ರು.”

“ಬೈಯೋ ಹಾಗಿಲ್ಲ. ಅದಕ್ಕೂ ದೂರು ಕೊಡಬಹುದು, ಮೆಟ್ಟಿಲು ಹತ್ತಿಸಿ ನಾನೇ ಕರ್ಕೊಂಡು ಹೋಗ್ತೀನಿ. ಕಂತು ಕಡಿಮೆ ಮಾಡಿ ಕೊಡಿ ಅಂತ ಕಂಪನಿಯವರನ್ನೂ ಕೇಳಬಹುದು. ಆದ್ರೆ ಕೇಳಬೇಕಾದವನು ನೀನು, ಕಟ್ಟಬೇಕಾದವನೂ ನೀನೇ. ನನ್ನ ನಂಬರು ಬರೆಯೋ ಮುಂಚೆ ನೀನು ನನ್ನನ್ನ ಕೇಳಿದ್ಯಾ? ಕೇಳಿದ್ರೆ ನಾನು ಹೂಂ ಅಂತಲೇ ಅಂತಿದ್ದೆ ಕಣೋ. ಅದೂ ನಿನಗೆ ಗೊತ್ತಿತ್ತು. ಆದ್ರೂ ಕೇಳಲಿಲ್ಲ.”

ಮೈದುನ ಅಣ್ಣನ ಕಡೆ ನೋಡಿದ. ಮಾವ ಒಳಬಾಗಿಲಲ್ಲಿ ನಿಂತು ಟಿಕೆಟ್ ಚೀಲದ ಪಟ್ಟಿ ಸರಿಮಾಡಿಕೊಳ್ಳುತ್ತಿದ್ದರು. ಕಡೆಗೆ, “ಚಪ್ಪಲಿ ಅಂಗಡಿ ಸ್ಟಾಪು ನನ್ನ ರೂಟಲ್ಲೇ ಇದೆ. ಬೈಕು ಇಲ್ಲೇ ಇರಲಿ, ಬಾ, ಇಳಿಸ್ತೀನಿ. ಟಿಕೆಟ್ ನೀನೇ ತಗೋ,” ಎಂದರು.

ಅವನು ಹೋದನೋ, ಅರ್ಧದಲ್ಲೇ ಇಳಿದನೋ ನಮಗೆ ಅವತ್ತು ತಿಳಿಯಲಿಲ್ಲ. ಅವರಿಬ್ಬರೂ ಬೀದಿ ತಿರುಗುತ್ತಿದ್ದಂತೆ ಅತ್ತೆ ಗುಂಡಿ ಡಬ್ಬಿಯನ್ನು ಮೇಜಿನ ಮೇಲೆ ಬೋರಲು ಹಾಕಿದಳು. ಗುಂಡಿಗಳು ಎಲ್ಲ ಕಡೆ ಉರುಳಿದವು.

“ನಡಿಯೇ, ಮೋಟರು ತರೋಣ.”

“ಈಗಲೇನಾ? ಅಂಗಡಿ?”

“ಮುಚ್ಚು. ಇವತ್ತು ಸಿಟ್ಟಿದೆ, ಅದಕ್ಕೆ ಇಲ್ಲ ಅಂದೆ. ಸಂಜೆ ಅವನು ಸಪ್ಪೆ ಮುಖ ಹಾಕ್ಕೊಂಡು ವಾಪಸ್ ಬಂದ್ರೆ? ದುಡ್ಡು ಡಬ್ಬೀಲಿದ್ರೆ ನನ್ನ ಕೈ ಸುಮ್ಮನಿರಲ್ಲ. ನನಗೆ ನನ್ನ ಮೇಲೆ ನಂಬಿಕೆ ಇಲ್ಲ.”

ರಿಪೇರಿಯವನು ಅಂದೇ ಬಂದು ಮೋಟರು ಕೂರಿಸಿದ. ಅತ್ತೆ ಕಲೆ ತೆಗೆದ ಬಿಳಿಯ ಅಂಗಿಯನ್ನು ಸೂಜಿಯ ಕೆಳಗಿಟ್ಟು ಪೆಡಲಿನ ಮೇಲೆ ಪಾದವಿಟ್ಟಳು. ಹಳೆಯ ಲೆಕ್ಕದಲ್ಲೇ ಒತ್ತಿದಳೇನೋ, ಮಶೀನು ಒಮ್ಮೆಲೇ ಗುಂಯ್ ಎಂದು ಓಡಿ ಹೊಲಿಗೆ ಅಂಗಿಯ ಅಂಚು ದಾಟಿ ಆಚೆಗೆ ಹೋಯಿತು.

“ಥೂ, ಇದರ ಅವಸರ ನೋಡು!” ಎಂದು ಬೈದು, ಬ್ಲೇಡು ತೆಗೆದುಕೊಂಡು ಆ ಹೊಲಿಗೆಯನ್ನು ಬಿಚ್ಚತೊಡಗಿದಳು. ಮಶೀನಿನ ಕೆಳಗೆ ಅವಳ ಇನ್ನೊಂದು ಕಾಲು ಮಾತ್ರ ಯಾರೂ ಹೇಳದಿದ್ದರೂ ಮೆಲ್ಲಗೆ ಗಾಳಿಯನ್ನು ತುಳಿಯುತ್ತಲೇ ಇತ್ತು.